ಒಂದಾಣೆ ಬಾಕಿ

ಗಣಿ ಕ್ಯಾಂಪು, ಕುಡಚಡೆ, ಗೋವಾ
೨೫ ಮಾರ್ಚ್ ೧೯೬೨, ಭಾನುವಾರ

ಚಿ|| ಸೌ|| ತಂಗಿ ದುಗ್ಗಮ್ಮನಿಗೆ ನಿನ್ನ ಅಣ್ಣ ಕೆರಿಯಪ್ಪ ದೂರದಿಂದ ತಲೆ ಸವರಿ ಹೇಳುವ ಮಾತುಗಳು.

ನೋಡು, ಮೊದಲ ಸಾಲಿಗೇ ಜಗಳವಾಯಿತು. ನಾನು ಬರೀ ‘ಚಿ’ ಎಂದೆ. ಬರೆಯುವವನು ಅದರ ಪಕ್ಕಕ್ಕೆ ‘ಸೌ’ ಎಂದೂ ಬರೆದುಬಿಟ್ಟ. “ಸೌ ಹೌದಾ ಅಲ್ದಾ ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ ಮಾರಾಯ, ಹೊಡ್ದು ಹಾಕು” ಎಂದೆ. “ಶಾಯಿ ಒಣಗಿ ಹೋತಲ್ಲ ಭಾವ” ಎಂದ. ಹೀಗೆ ಹೇಳುವವನು ಯಾರು ಎಂದು ನಿನಗೆ ಈಗ ಗೊತ್ತಾಗಿರಬೇಕು. ಈ ಕ್ಯಾಂಪಿನಲ್ಲಿ ಕನ್ನಡ ಬರೆಯಲು ಬರುವವನು ಒಬ್ಬನೇ, ಅವನು ನಿನ್ನ ಗಂಡ ಭೂತಪ್ಪ. ಬಂದ ದಿನದಿಂದ ಬೇರೆ ಯಾರಾದರೂ ಸಿಕ್ಕಾರೇನೋ ಎಂದು ಹುಡುಕಿದೆ, ಸಿಗಲಿಲ್ಲ. ಹಾಗಾಗಿ ನಾನು ಅವನನ್ನು ಬೈಯುವುದನ್ನೂ ಅವನೇ ಬರೆಯಬೇಕು. ಒಂದು ಮಾತೂ ಬಿಡಬಾರದು, ನನ್ನ ಹಳ್ಳಿ ಮಾತನ್ನು ಪುಸ್ತಕದ ಮಾತು ಮಾಡಿದರೂ ಅಡ್ಡಿಯಿಲ್ಲ, ಆದರೆ ಜನ ಆಡಿದ್ದನ್ನು ಆಡಿದ ಹಾಗೆಯೇ ಇಡಬೇಕು ಎಂದು ಕರಾರು ಮಾಡಿಕೊಂಡಿದ್ದೇನೆ. ಬರೆದದ್ದನ್ನೆಲ್ಲ ಓದಿಸಿ ಕೇಳುತ್ತೇನೆ. ಓದುವವನೂ ಅವನೇ ಆದ್ದರಿಂದ ಅದರಿಂದ ಎಂತ ಉಪಯೋಗ ಎಂದು ನೀನು ನಗಬೇಡ.

ಈ ಕಾಗದವನ್ನು ನಿನಗೆ ಓದಿ ಹೇಳುವವರು ಮೂಕಾಂಬಿಕಾ ಅಕ್ಕೋರೇ ಇರಬೇಕು. ಅಕ್ಕೋರೇ, ಶಾಲೆಯ ಮಕ್ಕಳಿಗೆ ಓದಿದ ಹಾಗೆ ಓಡಿಸಬೇಡಿ. ದುಗ್ಗಮ್ಮ ‘ಹೂಂ’ ಎಂದ ಮೇಲೆಯೇ ಮುಂದಿನ ಸಾಲಿಗೆ ಹೋಗಿ. ‘ಹೂಂ’ ಅನ್ನದವರಿಗೆ ನಾನು ಕಥೆ ಹೇಳಿದವನಲ್ಲ. ನೀವು ವರದಮೂಲಕ್ಕೆ ಬಂದು ಒಂದು ವರ್ಷವೂ ಆಗಲಿಲ್ಲ, ನಮ್ಮ ಮನೆಯ ಹಿಂದಿನ ಸಂಗತಿ ನಿಮಗೆ ಗೊತ್ತಿಲ್ಲ. ಅದಕ್ಕಾಗಿ ನಾಲ್ಕು ಮಾತು.

ನಮ್ಮಲ್ಲಿ ಮದುವೆಯಾಗುವಾಗ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹಣ ಕೊಡುವ ಪದ್ಧತಿ. ಅದಕ್ಕೆ ತೆರ ಎನ್ನುತ್ತೇವೆ. ನಿಮ್ಮಲ್ಲಿ ಹೆಣ್ಣಿನ ಕಡೆಯವರೇ ಕೊಡುತ್ತಾರಂತೆ. ನಮಗೆ ಕೇಳಿದರೆ ಅದು ತಲೆಕೆಳಗು, ನಿಮಗೆ ಕೇಳಿದರೆ ಇದು ತಲೆಕೆಳಗು, ಇರಲಿ. ಏಳು ವರ್ಷದ ಹಿಂದೆ ಭೂತಪ್ಪ ನಮ್ಮ ದುಗ್ಗಮ್ಮನಿಗೆ ಅರವತ್ತು ರೂಪಾಯಿ ಒಂದಾಣೆ ತೆರ ತಂದ. ಶುಭಕಾರ್ಯದ ಹಣ ಸೊನ್ನೆಗೆ ನಿಲ್ಲಬಾರದೆಂದು ಮೇಲೆ ಆ ಒಂದಾಣೆ. ಆದರೆ ಅವನು ತಂದದ್ದು ಸಾಲದ ಹಣ. ಅದನ್ನು ತೀರಿಸಲು ಮಳೆಗಾಲಕ್ಕೆ ಮೊದಲೇ ಗೋವಾದ ಮಣ್ಣಿನ ಗಣಿಗೆ ಹೋದ. ಅವನು ಹೋದ ಸ್ವಲ್ಪ ದಿನಕ್ಕೇ ನಮ್ಮ ಕಡೆಯವರಿಗೂ ಗೋವಾ ಆಳುತ್ತಿದ್ದ ಪರಂಗಿಯವರಿಗೂ ಬಿಗಿದುಕೊಂಡು ಗಡಿ ಮುಚ್ಚಿಬಿಟ್ಟರು. ಮೊದಲು ಅವರಿವರ ಕೈಯಲ್ಲಿ ಸುತ್ತಿ ಬಳಸಿ ಒಂದೊಂದು ಕಾಗದ ಬರುತ್ತಿತ್ತು. ಕಡೆಯ ಮೂರು ವರ್ಷ ಅದೂ ಇಲ್ಲ. ಸತ್ತನೋ, ಬದುಕಿದನೋ, ಬೇರೆ ಸಂಸಾರ ಹೂಡಿದನೋ ಯಾರಿಗೂ ತಿಳಿಯದು. ಅಷ್ಟರಲ್ಲಿ ತೀರ್ಥಹಳ್ಳಿಯ ಅಂಜನಪ್ಪ ಹೆಣ್ಣು ಕೇಳಿಕೊಂಡು ಬಂದ. ಪೇಟೆಯಲ್ಲಿ ಸೈಕಲ್ ಶಾಪು ಇಟ್ಟವನು, ಹೆಂಡತಿ ತೀರಿಕೊಂಡವನು, ಮಾತು ಮೆತ್ತಗೆ. ಮೊದಲಿನ ಗಂಡನಿಂದ ಬಿಡುಗಡೆಯಾದರೆ ಕೂಡಿಕೆ, ಎಂದರೆ ಮರುಮದುವೆ, ಮಾಡಿಕೊಳ್ಳುತ್ತೇನೆ ಎಂದ. ಹೊಸನಗರದಲ್ಲಿ ಹಿರಿಯರು ಕೂತರು. ಸೀತಾರಾಮಪ್ಪನವರು ಹೇಳಿದ್ದು ಇಷ್ಟೇ: “ತೆರ ಎಷ್ಟು ಬಂದಿತ್ತೋ ಅಷ್ಟು ಅವನ ಕೈಗೆ ಮುಟ್ಟಬೇಕು. ಹೆಚ್ಚೂ ಅಲ್ಲ, ಕಮ್ಮೀನೂ ಅಲ್ಲ. ಆಮೇಲೆ ವೀಳ್ಯದೆಲೆ ಹರೀರಿ, ಹುಡುಗಿ ಸ್ವತಂತ್ರ.” ಅಷ್ಟರಲ್ಲಿ ಪರಂಗಿಯವರು ಹೋಗಿ ಗಡಿ ಬಿಟ್ಟಿದ್ದರು. ನಾನು ಹೊರಟೆ.

ಇನ್ನು ದುಗ್ಗಮ್ಮ, ನಿನಗೆ. ಹೊರಡುವ ದಿನ ನಿನ್ನನ್ನು ಕೇಳಿದ್ದೆ, ನಿನ್ನ ಮನಸ್ಸಿನಲ್ಲಿ ಎಂತ ಇದೆ ಎಂದು. ನೀನು ಅಕ್ಕಿ ಗೇರುತ್ತಿದ್ದವಳು ಮೊರದಿಂದ ಕಣ್ಣು ತೆಗೆಯದೆ, “ಕೊಡೂದನ್ನ ಕೊಟ್ಟು ಬಾ ಅಣ್ಣ. ಹಂಗೇ ಮುಖ ಹೆಂಗಿದೆ ಅಂತ ನೋಡ್ಕಂಡು ಬಾ” ಎಂದೆ. ತಾಳಗುಪ್ಪ ದಾಟಿ ಘಟ್ಟ ಇಳಿಯುವವರೆಗೂ ನಾನು ಅದನ್ನೇ ತಿರುವಿ ತಿರುವಿ ನೋಡಿದೆ. ಕೊಟ್ಟು ಬಾ ಅನ್ನುವುದು ದೊಡ್ಡ ಮಾತೋ, ನೋಡಿಕೊಂಡು ಬಾ ಅನ್ನುವುದು ದೊಡ್ಡ ಮಾತೋ? ಹೊನ್ನಾವರದಲ್ಲಿ ಹೊಳೆ ದಾಟುವಾಗ ಮೊದಲನೆಯದು ಅನ್ನಿಸಿತು. ಕಾರವಾರದಲ್ಲಿ ಕಾಳಿ ಹೊಳೆಯ ಮೇಲೆ ಎರಡನೆಯದು ಅನ್ನಿಸಿತು. ಹೊಳೆ ದಾಟಿದ ಹಾಗೆಲ್ಲ ಬುದ್ಧಿ ಬದಲಾಗುತ್ತದೆ ಎಂದು ಸುಮ್ಮನಾದೆ.

ಹಣ ಬದಲಾದದ್ದು ಮಾಜಾಳಿಯಲ್ಲಿ. ಅಲ್ಲಿಂದ ಮುಂದೆ ಗೋವಾ. ಬಸ್ಸಿಗೆ ಕಾಯುತ್ತಿದ್ದಾಗ ಕೊಡೆ ಹಿಡಿದವನೊಬ್ಬ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದ. “ಎಲ್ಲಿಗೆ?” ಎಂದ. ಹೇಳಿದೆ. “ರೊಕ್ಕ ಯಾವ್ದು ತಕಂಡ್ರಿ?” ಎಂದ. ನಮ್ಮದೇ ರೂಪಾಯಿ ಎಂದೆ. ಅವನು ನನ್ನನ್ನು ಸಾವಿನ ಮನೆಯವರನ್ನು ನೋಡುವ ಹಾಗೆ ನೋಡಿದ.

“ಅಯ್ಯೋ ದೇವ್ರೇ, ಅದನ್ನ ಅಲ್ಲಿ ಕೊಟ್ರೆ ಮುಖಕ್ಕೇ ಬಿಸಾಡ್ತಾರೆ. ಅಲ್ಲೆಲ್ಲಾ ಎಸ್ಕುದೊ. ಪಾಪದವ್ರು ಕಾಣ್ತೀರಿ. ಒಂದ್ ರೂಪಾಯಿಗೆ ಐದು ಎಸ್ಕುದೊ ಕೊಡ್ತೆ.”

ತಂಗಿ, ಒಂದು ಕೊಟ್ಟರೆ ಐದು ಬರುವ ವ್ಯಾಪಾರವನ್ನು ನಮ್ಮ ವಂಶದಲ್ಲಿ ಯಾರಾದರೂ ಮಾಡಿದ್ದುಂಟೇ? ಬಿತ್ತಿದ ಭತ್ತ ಬಿಟ್ಟರೆ ಬೇರೆ ಯಾವುದೂ ಹಾಗೆ ಬೆಳೆದದ್ದನ್ನು ನಾನು ಕಂಡಿಲ್ಲ. ಅರವತ್ತನ್ನೂ ಎಣಿಸಿ ಕೊಟ್ಟೆ, ಮುನ್ನೂರನ್ನು ಎಣಿಸಿ ತೆಗೆದುಕೊಂಡೆ. ನೋಟಿನ ಮೇಲೆ ಯಾರೋ ಗಡ್ಡದ ಮಹಾರಾಯ, ಅವನನ್ನು ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ಕೂತೆ. ಕಾಣಕೋಣ ಮುಟ್ಟುವವರೆಗೆ ನಾನು ಜಮೀನ್ದಾರ.

ಕಾಣಕೋಣದಲ್ಲಿ ಇಳಿದು ಅವಲಕ್ಕಿ ತಿಂದು ಆ ನೋಟು ತೆಗೆದೆ. ಹೋಟೆಲಿನವನು ಮುಟ್ಟಲೇ ಇಲ್ಲ. “ಹೋ, ಇದರ ಕಾಲ ಆಯ್ತಲ್ಲ. ಸರ್ಕಾರ ವಾಪಸ್ ತಕಳ್ತಾ ಇದೆ. ಇದಿದ್ರೆ ಬ್ಯಾಂಕಿನ ಸಾಲಲ್ಲಿ ನಿಲ್ಲಬೇಕು ನೋಡು. ನಿನ್ನ ಹತ್ರ ರೂಪಾಯಿ ಇಲ್ವಾ?” ಎಂದ.

“ಇತ್ತು. ಈಗಷ್ಟೇ ಕೊಟ್ಟು ಬಂದೆ” ಎಂದೆ.

“ಎಷ್ಟರ ಲೆಕ್ಕಕ್ಕೆ?”

“ಒಂದಕ್ಕೆ ಐದು.”

ಅವನು ಒಳಗಿದ್ದ ಹೆಂಡತಿಯನ್ನು ಕರೆದು ಅವರ ಮಾತಿನಲ್ಲಿ ಏನೋ ಹೇಳಿದ. ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿ ಹೋದಳು. ದಾರಿ ಖರ್ಚಿಗೆಂದು ಬೇರೆ ಇಟ್ಟುಕೊಂಡಿದ್ದ ಚಿಲ್ಲರೆಯಿಂದ ಅವಲಕ್ಕಿಯ ಹಣ ಕೊಟ್ಟೆ. ಆಮೇಲೆ ತಿಳಿಯಿತು, ಬ್ಯಾಂಕಿನಲ್ಲಿ ಒಂದು ರೂಪಾಯಿಗೆ ಆರು ಎಸ್ಕುದೊ. ಕೊಡೆಯವನು ತನ್ನ ಮನೆಯ ತಂಗಳನ್ನೆಲ್ಲ ನನ್ನ ಎಲೆಗೆ ಬಡಿಸಿ ಕಳಿಸಿದ್ದ. ಪರ ಊರಿಗೆ ಹೋಗುವವರು ಯಾರಾದರೂ ನಿನ್ನ ಹತ್ತಿರ ಬುದ್ಧಿ ಕೇಳಿದರೆ ಹೇಳು: ಗಡಿಯಲ್ಲಿ ಕೂತು ಪಾಪ ಪಾಪ ಎನ್ನುವವನಿಗೆ ಹಣದ ಗಂಟು ತೋರಿಸಬಾರದು. ಒಳಗೆ ಹೋಗಿ ಒಂದು ಚಹಾ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂತು, ಊರಿನವರು ಯಾವ ಹಣ ಕೊಟ್ಟು ಯಾವ ಚಿಲ್ಲರೆ ತೆಗೆದುಕೊಳ್ಳುತ್ತಾರೆ ಎಂದು ನೋಡಬೇಕು. ಇಲ್ಲಿ ಅದನ್ನು ನೋಡುವುದೇ ಒಂದು ಆಟ. ಮೀನು ಮಾರುವ ಮುದುಕಿ ಹಳೆಯ ಟಂಗಾ ನಾಣ್ಯದಲ್ಲಿ ಬೆಲೆ ಹೇಳುತ್ತಾಳೆ, ಕೊಳ್ಳುವವನು ಎಸ್ಕುದೊದಲ್ಲಿ ಚೌಕಾಸಿ ಮಾಡುತ್ತಾನೆ, ಕೊಡುವುದು ನಮ್ಮ ನಯಾಪೈಸೆ. ಮೂರೂ ಸೇರಿ ಸರಿಹೋಗದಿದ್ದರೆ ಒಂದು ಬಂಗುಡೆ ಹೆಚ್ಚು ಹಾಕಿ ಬಾಯಿ ಮುಚ್ಚಿಸುತ್ತಾಳೆ.

ಹೂಂ ಅನ್ನು. ಈಗ ಕ್ಯಾಂಪಿಗೆ ಬಂದೆ.

ಮುಖ ಹೇಗಿದೆ ಎಂದು ನೋಡಿಕೊಂಡು ಬಾ ಅಂದೆಯಲ್ಲ, ಹೇಳುತ್ತೇನೆ. (ಬರೆಯುವವನು ಇಲ್ಲಿ ನಿಲ್ಲಿಸಿ, “ಇದೆಲ್ಲಾ ಬೇಕಾ ಭಾವ?” ಎಂದ. ಬೇಕು, ಬರಿ ಎಂದೆ.) ಮೊದಲು ನನಗೆ ಗುರುತೇ ಸಿಗಲಿಲ್ಲ. ಗಣಿಯ ಕೆಂಪು ಧೂಳು ಹತ್ತಿ ಎಲ್ಲರ ಮುಖವೂ ಒಂದೇ ಅಚ್ಚಿನ ಹಂಚು. ತೊಳೆದುಕೊಂಡು ಬಂದ ಮೇಲೆ ಅವನೇ ಎಂದು ಕಂಡಿತು. ಕೆನ್ನೆ ಒಳಗೆ ಹೋಗಿದೆ. ಕಿವಿಯ ಹತ್ತಿರ ಕೂದಲು ನೆರೆತಿದೆ. ನಗುವಾಗ ಮೇಲಿನ ಒಂದು ಹಲ್ಲು ಕಾಣುವುದಿಲ್ಲ, ಎಲ್ಲಿ ಹೋಯಿತೆಂದರೆ ಕಲ್ಲು ಸಿಡಿಯಿತಂತೆ. ನಾಚಿಕೊಂಡಾಗ ಮೂಗಿನ ತುದಿ ಉಜ್ಜುವ ಅಭ್ಯಾಸ ಹಾಗೆಯೇ ಇದೆ, ಈಗಲೂ ಉಜ್ಜುತ್ತಿದ್ದಾನೆ. ಬೇರೆ ಸಂಸಾರ ಇಲ್ಲ, ಮೂರು ಕಡೆ ವಿಚಾರಿಸಿದೆ.

ನನ್ನನ್ನು ಕಂಡವನು ಊಟ ಆಯಿತೇ ಎಂದೂ ಕೇಳಲಿಲ್ಲ. “ಭಾವ, ಎಲ್ಲಾ ಇದಾರಾ?” ಎಂದ. ಅಷ್ಟು ಕೇಳಿದವನ ಮುಂದೆ ಬಂದ ಕೆಲಸ ಹೇಳುವುದು ಕಷ್ಟವೇ. ಆದರೂ ಹೇಳಿದೆ. ನನಗೆ ಸಿಟ್ಟು ಕಡಿಮೆಯಿರಲಿಲ್ಲ. ಮೂರು ವರ್ಷ ಒಂದು ಸಾಲು ಬರೆಯದವನು, ಗಡಿ ಬಿಟ್ಟು ಮೂರು ತಿಂಗಳಾದರೂ ಬಾರದವನು, ನನ್ನ ತಂಗಿಯನ್ನು ಹೆಸರಿಗೆ ಮಾತ್ರ ಕಟ್ಟಿಹಾಕಿ ಕೂತವನು ಎಂದೆಲ್ಲ ಕೂಗಾಡಿದೆ. ಅವನು ಎದ್ದು ಹೋಗಿ ನಮ್ಮ ಸೀಮೆಯ ಐದಾರು ಜನರನ್ನು ಗೇರುಮರದ ಕೆಳಗೆ ಕೂರಿಸಿದ. ಹಿರಿತನಕ್ಕೆ ಹುಲಿಯಮ್ಮ. ಅಂಕೋಲೆ ಕಡೆಯ ಮುದುಕಿ, ಕ್ಯಾಂಪಿಗೆ ಅನ್ನ ಬೇಯಿಸುವವಳು, ಅವಳ ಬಾಯಿಗೆ ಗಣಿಯ ಸಾಹೇಬನೂ ಹೆದರುತ್ತಾನೆ. ನಾನು ಬಟ್ಟೆ ಹಾಸಿ ಎಲೆಅಡಿಕೆಯಿಟ್ಟು ಮುನ್ನೂರು ಎಸ್ಕುದೊ ಸುರಿದೆ.

ಭೂತಪ್ಪ ಅದನ್ನು ನೋಡಿದ. “ಭಾವ, ನಾ ಕೊಟ್ಟಿದ್ದು ರೂಪಾಯಿ. ಇದೆಂತದು?”

“ಇಲ್ಲಿಯ ಹಣ. ಅದೇ ಬೆಲೆ” ಎಂದೆ.

“ಬೆಲೆ ಬೇರೆ, ತೆರ ಬೇರೆ. ಎಮ್ಮೆ ತಕಂಡು ಹೋದವ ಅಷ್ಟೇ ಬೆಲೆದು ಕೋಳಿ ತಂದು ಕೊಟ್ರೆ ಕೊಟ್ಟಿಗೆಗೆ ಕಟ್ಕಳ್ಳೂಕೆ ಆಗ್ತದಾ?”

ಹುಲಿಯಮ್ಮ ಒಂದು ನೋಟನ್ನು ಬಿಸಿಲಿಗೆ ಹಿಡಿದು ಗಡ್ಡದವನನ್ನು ನೋಡಿದಳು. “ಈ ಅರಸು ಮೂರು ತಿಂಗಳ ಹಿಂದೇ ಗಂಟು ಕಟ್ಟಿ ಹಡಗು ಹತ್ತಿದ್ನಲ್ಲೋ. ಅರಸೇ ಓಡಿಹೋದ ದುಡ್ಡಿಗೆ ಯಾರಾದ್ರೂ ಹೆಂಡ್ತಿ ಬಿಡ್ತಾರಾ? ಎದ್ದೇಳಿ, ಎದ್ದೇಳಿ. ಮೊದ್ಲು ಬದಲಿ ಮಾಡ್ಕಂಡು ಬನ್ನಿ” ಎಂದು ಅನ್ನದ ಹಂಡೆಯ ಕಡೆ ಹೋದಳು.

ಹೀಗಾಗಿ ನಾನೂ ನಿನ್ನ ಗಂಡನೂ ಮಡಗಾಂವಿಗೆ ಹೋಗಿ ಬ್ಯಾಂಕಿನ ಸಾಲಿನಲ್ಲಿ ನಿಂತೆವು. ಸಾಲು ಅಂದರೆ ನಮ್ಮ ಸಾಗರದ ಸಂತೆಯ ದಿನ ಬಸ್ಸಿಗೆ ನಿಲ್ಲುವ ಸಾಲಲ್ಲ. ಬೀದಿಯ ಮೂಲೆ ತಿರುಗಿ, ಇಗರ್ಜಿಯ ಗೋಡೆ ಹಿಡಿದು, ಮುಂದೆ ಎಲ್ಲಿಗೋ. ಮೀನಿನವರು, ಪಾದ್ರಿಗಳು, ಒಳಲಂಗಕ್ಕೆ ಜೇಬು ಹೊಲಿಸಿಕೊಂಡು ನೋಟು ತಂದ ಮುದುಕಿಯರು, ಎಲ್ಲರೂ. ಜನ ಬರುವುದು, ನಾಳೆ ಬೆಲೆ ಇಳಿಯುತ್ತದಂತೆ ಎನ್ನುವುದು, ಅಲ್ಲ ಏರುತ್ತದಂತೆ ಎನ್ನುವುದು, ಸಾಲು ಹಿಂದಕ್ಕೂ ಮುಂದಕ್ಕೂ ತೂಗುವುದು. ಇವನ ಏಳು ವರ್ಷದ ಗಳಿಕೆಯೂ ಅದೇ ಹಣದಲ್ಲಿತ್ತು, ಅದನ್ನು ಬದಲಿ ಮಾಡಿಸದೆ ಹೊರಡುವ ಹಾಗಿರಲಿಲ್ಲ. ಗಡಿ ಬಿಟ್ಟರೂ ಬಾರದೆ ಉಳಿದದ್ದಕ್ಕೆ ಅದು ಅರ್ಧ ಕಾರಣ. ಇನ್ನರ್ಧ ನಾಚಿಕೆ. ಅದನ್ನು ಅಲ್ಲಿ ಇಗರ್ಜಿಯ ಗೋಡೆಗೆ ಒರಗಿ ಹೇಳಿದ.

ಮೂರು ವರ್ಷದ ಹಿಂದೆ ಇಲ್ಲಿಯ ಪರಂಗಿ ಸರ್ಕಾರ ತನ್ನ ಹಳೆಯ ರುಪಿಯಾ ಕಿತ್ತು ಎಸ್ಕುದೊ ತಂದಿತು. ಒಂದಕ್ಕೆ ಆರು. ಇವನು ಗಂಟು ಬಿಚ್ಚಿ ಎಣಿಸಿದರೆ ಹಣ ಒಂದೇ ದಿನಕ್ಕೆ ಆರು ಪಟ್ಟು! ಸಂತೋಷ ತಡೆಯಲಾರದೆ ನಿನಗೆ ಕಾಗದ ಬರೆದನಂತೆ: ನಾವು ಸಾಹುಕಾರರಾದೆವು, ಸಾಲ ತೀರಿಸಿ ಇನ್ನೂ ಉಳಿಯುತ್ತದೆ, ನಿನಗೆ ಬುಗುಡಿ ಮಾಡಿಸುತ್ತೇನೆ ಎಂದು. ಆ ಕಡೆ ಹೋಗುವವರ ಕೈಗೆ ಕೊಡಲು ಹೊರಟವನು ದಾರಿಯಲ್ಲಿ ಚಹಾ ಕುಡಿದ. ಚಹಾದ ಬೆಲೆಯೂ ಆರು ಪಟ್ಟು. ಅಲ್ಲಿಯೇ ಕಾಗದ ಹರಿದ. ಇನ್ನೊಂದು ಬರೆಯೋಣ, ಕೈಯಲ್ಲಿ ನಿಜವಾಗಿ ಏನಾದರೂ ಆದ ಮೇಲೆ ಬರೆಯೋಣ ಎಂದುಕೊಂಡ. ಅದು ಆಗಲಿಲ್ಲ, ಇದು ಬರೆಯಲಿಲ್ಲ.

“ದುಡ್ಡಿಲ್ದಿದ್ರೆ ಬರೀ ಕಾಗದ ಹಾಕೂಕೆ ಎಂತ ಧಾಡಿ ನಿಂಗೆ?” ಎಂದು ಸಾಲಿನಲ್ಲಿಯೇ ಬೈದೆ. ಪಕ್ಕದ ಪಾದ್ರಿಗೆ ಕನ್ನಡ ಬಾರದಿದ್ದರೂ ಹೌದು ಹೌದು ಎಂದು ತಲೆ ಆಡಿಸಿದರು.

ನಮ್ಮ ಹಿಂದೆ ಧರ್ಮಪ್ಪ ಎಂಬವನೊಬ್ಬ ನಿಂತಿದ್ದ. ಇದೇ ಕ್ಯಾಂಪಿನವನು, ಸಿದ್ದಾಪುರದ ಕಡೆಯವನು. ಅವನು ನಗುತ್ತ, “ನೀವು ದುಗ್ಗಮ್ಮನ ಅಣ್ಣನಾ? ನಿಮ್ಮ ತಂಗಿ ದೆಸೆಯಿಂದ ನನ್ನ ಸಂಸಾರ ಹಾಳಾಗೋದ್ರಲ್ಲಿತ್ತು ಮಾರಾಯ್ರೇ” ಎಂದ.

(ಇಲ್ಲಿಗೆ ಲೇಖನಿ ಕೆಳಗಿಟ್ಟ. “ಇದನ್ನ ಮಾತ್ರ ನಾ ಬರಿಯೂದಿಲ್ಲ” ಎಂದ. ಹಾಗಾದರೆ ನಾಳೆ ಹೊರಟೆ, ಬಾಯಲ್ಲಿಯೇ ಹೇಳುತ್ತೇನೆ, ಇನ್ನೂ ನಾಲ್ಕು ಸೇರಿಸಿ ಹೇಳುತ್ತೇನೆ ಎಂದೆ. ಎತ್ತಿಕೊಂಡ.)

ಇವನು ಕ್ಯಾಂಪಿನ ಎಲ್ಲರಿಗೂ ಕಾಗದ ಬರೆದುಕೊಡುತ್ತಾನಷ್ಟೆ. ಧರ್ಮಪ್ಪನೂ ಹೆಂಡತಿಗೆ ಬರೆಸಿದ. ಅವಳ ಹೆಸರು ಲಕ್ಷ್ಮೀ. ಹೇಳಿದ್ದನ್ನೆಲ್ಲ ಇವನು ಬರೆದ, ಮೇಲೆ ಮಾತ್ರ ‘ಪ್ರೀತಿಯ ದುಗ್ಗಮ್ಮನಿಗೆ’ ಎಂದು ಹಾಕಿಬಿಟ್ಟ! ಕಾಗದ ಯಾರದೋ ಕೈ ಸೇರಿ ಸಿದ್ದಾಪುರ ಮುಟ್ಟಿತು. ಆ ಲಕ್ಷ್ಮೀ ಅದನ್ನು ಓದಿಸಿ ಕೇಳಿ, “ಯಾರವ್ಳು ದುಗ್ಗಮ್ಮ?” ಎಂದು ಊರು ಎಬ್ಬಿಸಿ, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿ ಕೂತಳಂತೆ. ಗಡಿ ಬಿಟ್ಟ ಕೂಡಲೇ ಧರ್ಮಪ್ಪ ಮೊದಲು ಓಡಿದ್ದು ಅವಳ ಕಾಲಿಗೆ ಬೀಳುವುದಕ್ಕೆ. “ನಾ ಹೇಳೂದು ಕೇಳ್ತಾ ಕೇಳ್ತಾ ಇವ ಎಲ್ಲಿಗೋ ಹೋಗಿಬಿಟ್ಟಿದ್ದ. ನನ್ನ ಬಾಯಿಂದ ಕೇಳಿ ತನ್ನ ಹೆಂಡ್ತಿಗೆ ಬರೀತಿದ್ದ ಕಳ್ಳ” ಎಂದು ಧರ್ಮಪ್ಪ ಇವನ ಬೆನ್ನಿಗೆ ಒಂದು ಗುದ್ದಿದ.

ನಾನು ನಗಲಿಲ್ಲ ದುಗ್ಗಮ್ಮ. ಸಾಲು ಮುಂದೆ ಹೋಯಿತು, ನಾನು ಹೋಗಲಿಲ್ಲ, ಪಾದ್ರಿ ಬೆನ್ನು ತಟ್ಟಿದರು.

ಕಿಟಕಿಯ ಒಳಗಿಂದ ಮುನ್ನೂರಕ್ಕೆ ಐವತ್ತು ರೂಪಾಯಿ ಕೊಟ್ಟರು. ಹತ್ತು ರೂಪಾಯಿ ಕೊಡೆಯವನ ಹೊಟ್ಟೆಗೆ. ತಿರುಗಿ ಹೋಗುವ ಖರ್ಚು ಬಿಟ್ಟರೆ ನನ್ನ ಹತ್ತಿರ ಬೇರೆ ಇಲ್ಲ. ಭೂತಪ್ಪ ತನ್ನ ಹಣದಿಂದ ಹತ್ತು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟ. “ನೀವು ಹಿರಿಯರ ಮುಂದೆ ಮಾತು ಕೊಟ್ಟು ಬಂದವ್ರು. ಕಮ್ಮಿ ತಂದ್ರು ಅನ್ನಿಸ್ಕಳ್ಳಬಾರ್ದು” ಎಂದ. ತನ್ನ ಹೆಂಡತಿಯ ಬಿಡುಗಡೆಗೆ ತಾನೇ ಕೈಗಡ ಕೊಟ್ಟವನನ್ನು ಯಾವ ಕಥೆಯಲ್ಲಾದರೂ ಕೇಳಿದ್ದೀಯಾ? ನಾನಂತೂ ಕೇಳಿಲ್ಲ, ಇನ್ನು ಮುಂದೆ ಹೇಳುತ್ತೇನೆ.

ಮರುದಿನ ಮತ್ತೆ ಗೇರುಮರದ ಕೆಳಗೆ ಕೂತೆವು. ಅರವತ್ತು ರೂಪಾಯಿ ಇಟ್ಟೆ. ಇನ್ನು ಎಲೆ ಹರಿಯುವುದೊಂದೇ. ಹುಲಿಯಮ್ಮ ಎಲೆ ಕೈಗೆತ್ತಿಕೊಂಡಳು. ಭೂತಪ್ಪ ಮೂಗು ಉಜ್ಜಿಕೊಂಡು, “ಮೇಲೆ ಒಂದಾಣೆ ಇತ್ತು” ಎಂದ.

ಇತ್ತು. ಅದನ್ನೂ ತಂದಿದ್ದೆ. ಆದರೆ ಮಾಜಾಳಿಯಲ್ಲಿ ಬಾಯಾರಿ ಆ ಒಂದಾಣೆಗೆ ಚಹಾ ಕುಡಿದುಬಿಟ್ಟಿದ್ದೆ ತಂಗಿ. ಹಾಗೆಂದು ಒಪ್ಪಿಕೊಂಡೆ.

“ಅದಕ್ಕೆಂತ? ಒಂದಾಣೆ ಅಂದ್ರೆ ಆರು ಪೈಸೆ. ಇಡು” ಎಂದ ಧರ್ಮಪ್ಪ.

“ಆರೂಕಾಲು ಪೈಸೆ” ಎಂದ ಭೂತಪ್ಪ. “ಆರು ಇಟ್ರೆ ಕಾಲು ಪೈಸೆ ಕಮ್ಮಿ. ಕಾಲು ಪೈಸೆಯಷ್ಟು ಹೆಂಡ್ತಿ ಇನ್ನೂ ನನ್ನವಳೇ ಆಗ್ತಾಳೆ.”

“ಹಂಗಾರೆ ಏಳು ಇಡ್ಲಿ.”

“ಏಳಿಟ್ರೆ ಮುಕ್ಕಾಲು ಹೆಚ್ಚಾಯ್ತು. ಹೆಂಡ್ತಿ ಬಿಟ್ಟು ಲಾಭ ಮಾಡ್ಕಂಡ ಅಂತಾರೆ. ಹೆಚ್ಚೂ ಅಲ್ಲ ಕಮ್ಮೀನೂ ಅಲ್ಲ ಅಂತ ಸೀತಾರಾಮಪ್ಪನವರೇ ಅಂದಿದಾರಂತಲ್ಲ.”

“ನಾಲ್ಕಾಣೆ ಕೊಟ್ಟು ಮೂರಾಣೆ ಚಿಲ್ಲರೆ ತಕಳ್ಳಿ” ಎಂದನೊಬ್ಬ. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ ಸರಿಯೇ, ಮೂರಾಣೆಗೆ ಎಷ್ಟು ಎಂದು ಎಲ್ಲರೂ ಬೆರಳು ಮಡಚಿದರು. ಅಲ್ಲಿಯೂ ಮುಕ್ಕಾಲು ಬಂದು ಕೂತಿತು. ಹಳೆಯ ಆಣೆಯೇ ಬೇಕು ಎಂದಾಯಿತು. ಈ ಊರು ನಮ್ಮ ಹಣ ಕಂಡದ್ದೇ ಈಗ, ಇಲ್ಲಿಗೆ ಬಂದದ್ದೆಲ್ಲ ಹೊಸ ನಯಾಪೈಸೆ. ಇಡೀ ಕ್ಯಾಂಪಿನ ಗಂಟು ಬಿಚ್ಚಿಸಿದರು, ಒಂದು ಆಣೆ ಇಲ್ಲ.

ಹುಲಿಯಮ್ಮ ಎತ್ತಿಕೊಂಡಿದ್ದ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ತನ್ನ ಬಾಯಿಗೇ ಹಾಕಿಕೊಂಡಳು. “ದುಡ್ಡೆಲ್ಲಾ ತೀರ್ತು, ಆಣೆ ಒಂದು ಉಳೀತು. ಅದು ಕೈಯಿಂದ ಕೊಟ್ಟ ಆಣೆಯೋ, ಬಾಯಿಂದ ಇಟ್ಟ ಆಣೆಯೋ, ನೀವೇ ಗಂಡ ಹೆಂಡ್ತಿ ಹೇಳ್ಕಳ್ಳಿ. ನಂಗೆ ಒಲೆ ಮೇಲೆ ಗಂಜಿ ಇದೆ” ಎಂದು ಎದ್ದಳು.

ಇಷ್ಟು ಆದದ್ದು. ಇನ್ನು ಆಗಬೇಕಾದದ್ದು ನಿನ್ನ ಕೈಯಲ್ಲಿದೆ.

ಅಂಜನಪ್ಪ ಒಳ್ಳೆಯವನು. ಅದನ್ನು ಈ ಕಾಗದ ಬರೆಯುವವನ ಕೈಯಲ್ಲಿಯೇ ಬರೆಸುತ್ತಿದ್ದೇನೆ, ಅವನೂ ಇಲ್ಲವೆನ್ನಲಿಲ್ಲ. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಊರು ಬಿಟ್ಟು ಹೋಗುವವನಲ್ಲ. ನಿನಗೆ ತೀರ್ಥಹಳ್ಳಿಯೇ ಸರಿ ಅನ್ನಿಸಿದರೆ ಸಂಕೋಚ ಬೇಡ. ಹಳೆಯ ಒಂದಾಣೆ ನಮ್ಮ ಕಡೆ ಹತ್ತು ಮನೆಯ ಡಬ್ಬಿಯಲ್ಲಿದೆ. ಒಂದನ್ನು ಹುಡುಕಿ ಹೊಸನಗರಕ್ಕೆ ಹೋಗಿ ಸೀತಾರಾಮಪ್ಪನವರ ಕೈಗೆ ಕೊಡು. ಬಾಕಿ ತೀರಿತು ಎಂದು ಅವರೇ ಎಲೆ ಹರಿಯಲಿ. ಇವನು ಮಾತಾಡುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದಾನೆ. ಹಾಗಲ್ಲ ಎಂದು ಅನ್ನಿಸಿದರೆ ನೀನು ಏನೂ ಮಾಡಬೇಡ, ಒಂದು ಸಾಲು ಬರೆಸಿದರೂ ಆಯಿತು, ಬರೆಸದಿದ್ದರೂ ಆಯಿತು. ಯುಗಾದಿಗೆ ಮೊದಲು ನಾವಿಬ್ಬರೂ ಹೊರಟು ಬರುತ್ತೇವೆ. ಮದುವೆಯ ಸಾಲ ತೀರುವಷ್ಟು ಇವನ ಗಂಟಿನಲ್ಲಿದೆ, ಬುಗುಡಿಯಾಗುವಷ್ಟು ಇಲ್ಲ. ಏಳು ವರ್ಷದ ಗಳಿಕೆ ಎಂದು ದೊಡ್ಡದಾಗಿ ಎಣಿಸಿಕೊಂಡು ಕೂತಿರಬೇಡ. ಬಂದವನು ನೇರವಾಗಿ ನಡುಮನೆಗೆ ನುಗ್ಗುವುದಿಲ್ಲ. ಜಗಲಿಯಲ್ಲಿ ಕೂರುತ್ತಾನೆ. ಕಾಲಿಗೆ ನೀರು ಕೊಡುವುದು, ಬಿಡುವುದು ನಿನ್ನ ಇಷ್ಟ.

ಕನಿಕರಕ್ಕೆ ಒಪ್ಪಬೇಡ. ನನ್ನ ಮುಖ ನೋಡಿ ಒಪ್ಪಬೇಡ. ಹೊರಡುವಾಗ ನಾನು ಇವನ ಹಲ್ಲು ಉದುರಿಸಿ ಬರುತ್ತೇನೆ ಎಂದಿದ್ದೆ, ಒಂದು ಮೊದಲೇ ಉದುರಿತ್ತು, ಉಳಿದದ್ದನ್ನು ಬಿಟ್ಟಿದ್ದೇನೆ. ಆದರೆ ಅದು ನನ್ನ ಲೆಕ್ಕ. ನಿನ್ನದು ಬೇರೆ.

ಅಕ್ಕೋರೇ, ಇಷ್ಟು ಓದಿದ್ದಕ್ಕೆ ನಿಮಗೆ ಪುಣ್ಯ ಬರಲಿ. ಅವಳು ಮೊರ ಹಿಡಿದು ಕೂತಿದ್ದರೆ ಇನ್ನೊಂದು ಸಲ ಓದಿ.

ಇಂತಿ ನಿನ್ನ ಅಣ್ಣ,
ಕೆರಿಯಪ್ಪ
(ಎಡಗೈ ಹೆಬ್ಬೆಟ್ಟಿನ ಗುರುತು)

ತಾ.ಕ.: ಭಾವ ಹೆಬ್ಬೆಟ್ಟು ಒತ್ತಿ, ಶಾಯಿ ತೊಳೆಯಲು ಬಾವಿಯ ಹತ್ತಿರ ಹೋಗಿದ್ದಾರೆ. ಇದು ನಾನು, ಭೂತಪ್ಪ, ನನ್ನದೇ ಮಾತು.

ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ, ಸುಳ್ಳನ್ನೂ. ಮಾಜಾಳಿಯಲ್ಲಿ ಅವರು ಚಹಾ ಕುಡಿಯಲಿಲ್ಲ. ಆ ಒಂದಾಣೆ ಅವರ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಅಡಿಯಲ್ಲಿದೆ. ಬಂದ ದಿನ ಎಲೆ ತೆಗೆದುಕೊಡುವಾಗ ನನ್ನ ಕಣ್ಣಿಗೆ ಬಿತ್ತು. ಎಲ್ಲರ ಗಂಟು ಬಿಚ್ಚಿಸಿದ ದಿನ ಅವರು ಸಂಚಿಯ ಮೇಲೆಯೇ ಕೂತಿದ್ದರು. ನಾನೂ ಏಳಿ ಎನ್ನಲಿಲ್ಲ.

ಇದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಆಡಿದ ಆಟ. ಅದರಲ್ಲಿ ನಿನ್ನನ್ನು ಕೇಳಲಿಲ್ಲ, ಅದು ತಪ್ಪು. ಆದ್ದರಿಂದ ದುಗ್ಗೀ, ನೀನು ಹತ್ತು ಮನೆ ತಿರುಗಿ ಆಣೆ ಹುಡುಕುವುದು ಬೇಡ, ಹೊಸನಗರಕ್ಕೆ ಹೋಗುವುದೂ ಬೇಡ. ‘ತೀರ್ಥಹಳ್ಳಿ’ ಎಂದು ಒಂದು ಮಾತು ಬರೆಸು. ಭಾವನ ಸಂಚಿಗೆ ನಾನೇ ಕೈ ಹಾಕಿ ತೆಗೆದುಕೊಂಡು, ಬಾಕಿ ತೀರಿತು ಎಂದು ಹುಲಿಯಮ್ಮನ ಮುಂದೆ ಹೇಳುತ್ತೇನೆ.

ಆ ಮಾತು ಬಾರದಿದ್ದರೆ, ತಾಳಗುಪ್ಪದಲ್ಲಿ ಇಳಿದ ಕೂಡಲೇ ಅವರಿಗೆ ಬಾಯಾರುವ ಹಾಗೆ ಮಾಡಿ, ಆ ಒಂದಾಣೆಗೆ ಚಹಾ ಕುಡಿಸಿಬಿಡುತ್ತೇನೆ.

ಭೂತಪ್ಪ